ಓಸ್ಟ್‌ಫ್ರೀಸ್‌ಲಾಂಡಿನ ಚಹಾ, ರಾಯಚೂರಿನ ನಾಲಿಗೆ

ಜರ್ಮನಿ ಎಂದರೆ ಕಾಫಿ ಮತ್ತು ಬಿಯರ್ ಎಂದು ರಾಯಚೂರಿನ ನಮ್ಮ ಬಂಧುಬಳಗವೆಲ್ಲ ನಂಬಿದೆ. ದೇಶದ ಬಹುಭಾಗಕ್ಕೆ ಅದು ನಿಜವೂ ಹೌದು. ಆದರೆ ನಾನಿರುವುದು ವಾಯವ್ಯದ ಮೂಲೆಯಲ್ಲಿ, ಉತ್ತರ ಸಮುದ್ರಕ್ಕೆ ಹತ್ತಿರದ ಓಸ್ಟ್‌ಫ್ರೀಸ್‌ಲಾಂಡ್ ಸೀಮೆಯ ಲೇರ್ ಎಂಬ ಊರಿನಲ್ಲಿ. ಇಲ್ಲಿ ಒಬ್ಬೊಬ್ಬರು ವರ್ಷಕ್ಕೆ ಸುಮಾರು 300 ಲೀಟರ್ ಚಹಾ ಕುಡಿಯುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ಈ ಜನರಿಗೆ ಚಹಾ ಬಿಡಿಸಲು ಹೊರಟು ಸೋತ. 2016ರಲ್ಲಿ ಇವರ ಚಹಾ ಸಂಪ್ರದಾಯ ಜರ್ಮನಿಯ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು. ಇಷ್ಟೆಲ್ಲ ಗೌರವ ಪಡೆದ ಆ ಚಹಾದ ಮುಖ್ಯ ಎಲೆ ನಮ್ಮ ಅಸ್ಸಾಮಿನದು ಎಂದು ಹೇಳುವಾಗ ನನಗೆ ಪ್ರತಿ ಸಲವೂ ಹೆಮ್ಮೆಯಾಗುತ್ತದೆ.

ಅವರು ಚಹಾ ಮಾಡುವ ರೀತಿಯನ್ನು ನಾನು ಕಲಿತದ್ದು ನಮ್ಮ ಮನೆಯ ಒಡತಿಯಿಂದ. ಆಕೆ ಮೊದಲು ಪಿಂಗಾಣಿ ಪಾತ್ರೆಯನ್ನು ಬಿಸಿನೀರಿನಿಂದ ತೊಳೆದು ಬೆಚ್ಚಗೆ ಮಾಡುತ್ತಾರೆ. ಕಪ್ಪಿಗೊಂದು ಚಮಚದಂತೆ ಎಲೆ ಹಾಕಿ, ಪಾತ್ರೆಯ ಪಾಲಿಗೆಂದು ಇನ್ನೊಂದು ಚಮಚ ಸೇರಿಸುತ್ತಾರೆ. ಕುದಿಯುವ ನೀರು ಸುರಿದು ಮೂರರಿಂದ ಐದು ನಿಮಿಷ ಮುಚ್ಚಿಡುತ್ತಾರೆ, ಒಲೆಯ ಮೇಲೆ ಮತ್ತೆ ಇಡುವುದೇ ಇಲ್ಲ. ಪುಟ್ಟ ಕಪ್ಪಿನ ತಳದಲ್ಲಿ ಒಂದು ದೊಡ್ಡ ಕಲ್ಲುಸಕ್ಕರೆಯ ಹರಳು. ಅದರ ಮೇಲೆ ಚಹಾ ಬಿದ್ದಾಗ ಹರಳು ಚಟಚಟ ಸಿಡಿಯುವುದು ಕೇಳಿಸುತ್ತದೆ. ಆಮೇಲೆ ಸಣ್ಣ ಚಮಚದಿಂದ ಕಪ್ಪಿನ ಅಂಚಿಗೆ ಹಾಲಿನ ಕೆನೆಯನ್ನು ಮೆಲ್ಲನೆ ಇಳಿಬಿಡುತ್ತಾರೆ. ಕೆನೆ ತಳಕ್ಕೆ ಹೋಗಿ ಮೋಡದ ಹಾಗೆ ಅರಳುತ್ತ ಮೇಲೆ ಬರುತ್ತದೆ. ಕದಡಬಾರದು, ಅದೇ ಇಲ್ಲಿಯ ಕಟ್ಟಳೆ. ಮೊದಲ ಗುಟುಕಿಗೆ ಕೆನೆಯ ನುಣುಪು, ನಡುವೆ ಚಹಾದ ಒಗರು, ಕೊನೆಗೆ ಸಿಹಿ. ಮೂರು ಕಪ್ಪಿಗಿಂತ ಕಡಿಮೆ ಕುಡಿದು ಏಳುವುದು ಮರ್ಯಾದೆಯಲ್ಲ. ಸಾಕಾದಾಗ ಕಪ್ಪಿನಲ್ಲಿ ಚಮಚ ಇಟ್ಟರೆ ಮತ್ತೆ ಸುರಿಯುವುದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಹಾಲು ಕುದಿಯದಿದ್ದರೆ ಅದು ಹೇಗೆ ಚಹಾ ಆಗುತ್ತದೆ ತಾಯಿ?"

ಅಮ್ಮನ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಮನೆಗಳಿಗೆ ಬರುವ ಚಹಾಪುಡಿ ಹೆಚ್ಚಾಗಿ ಸಿಟಿಸಿ, ಅಂದರೆ ಹಲ್ಲುಗಳಿರುವ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಕಾಳಾಗಿಸಿದ ಪುಡಿ. ಈ ಯಂತ್ರ ಬಂದದ್ದು 1930ರ ದಶಕದಲ್ಲಿ, ಅಸ್ಸಾಮಿನಲ್ಲೇ. ಆ ಕಾಳು ಬಣ್ಣವನ್ನೂ ಒಗರನ್ನೂ ಬಹಳ ಬೇಗ ಬಿಡುತ್ತದೆ. ಹಾಲಿನ ಪ್ರೋಟೀನು ಆ ಒಗರನ್ನು ಹಿಡಿದುಕೊಂಡು ಮೆದುವಾಗಿಸುತ್ತದೆ. ಹಾಗಾಗಿ ಹಾಲು, ಹಸಿಶುಂಠಿ, ಸಕ್ಕರೆ ಹಾಕಿ ಕುದಿಸುವುದು ಆ ಪುಡಿಗೆ ತಕ್ಕ ವಿಧಾನ. ಲೇರ್‌ನ ಚಹಾದಲ್ಲಿರುವುದು ಸುರುಳಿ ಮಾಡಿ ಒಣಗಿಸಿದ ಎಲೆ. ಅದನ್ನು ನಮ್ಮಂತೆ ಕುದಿಸಿದರೆ ಪರಿಮಳವೆಲ್ಲ ಹಬೆಯಲ್ಲಿ ಹೋಗಿ ಕಹಿ ಉಳಿಯುತ್ತದೆ. ಅದನ್ನು "ನೀರು ಚಹಾ" ಎಂದು ಜರೆಯುವ ನಮ್ಮವರ ಮೇಲೆ ನನಗೆ ಎಷ್ಟು ಬೇಸರವೋ, ನಮ್ಮ ಚಹಾವನ್ನು ಪಾಯಸ ಎನ್ನುವ ಇಲ್ಲಿಯವರ ಮೇಲೂ ಅಷ್ಟೇ ಬೇಸರ. ಎಲೆ ನೋಡಿ ಒಲೆ ಹಚ್ಚಬೇಕು.

ನೀರಿನ ಪಾತ್ರವೂ ಸಣ್ಣದಲ್ಲ. ಇಲ್ಲಿಯ ನೀರು ಮೃದು, ಕಪ್ಪಿನಲ್ಲಿ ಚಹಾ ತಿಳಿಯಾಗಿ ನಿಲ್ಲುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಹಾಲಿಲ್ಲದ ಚಹಾ ಮಾಡಿ ನೋಡಿ: ಮೇಲೆ ಎಣ್ಣೆಯಂಥ ತೆಳುಪೊರೆ ಕಟ್ಟಿ, ಕಪ್ಪಿನ ಒಳಮೈಗೆ ಕಂದು ಕರೆ ಹತ್ತುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಸೇರಿ ಆಗುವ ಕೆಲಸ ಅದು. ಸುಲೆಮಾನಿ ಚಹಾಕ್ಕೆ ನಿಂಬೆ ಹಿಂಡಿದರೆ ಆ ಪೊರೆ ನಿಲ್ಲುವುದಿಲ್ಲ. ರುಚಿಗೆಂದು ಹಿಂಡುವ ನಿಂಬೆ ಇದನ್ನೂ ಮಾಡುತ್ತದೆ.

1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಊರಿಗೆ ಇರಾನಿ ಚಹಾ ಹೊಸದಲ್ಲ. ಅದರಲ್ಲಿ ಡಿಕಾಕ್ಷನ್ ಒಂದು ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ, ಹಾಲು ಇನ್ನೊಂದರಲ್ಲಿ ಬತ್ತುತ್ತ ಇರುತ್ತದೆ, ಎರಡೂ ಕೂಡುವುದು ಕಪ್ಪಿನಲ್ಲೇ. ಲೇರ್‌ನ ಚಹಾಕ್ಕೆ ರಾಯಚೂರಿನಲ್ಲಿ ಒಬ್ಬ ದಾಯಾದಿ ಇದ್ದರೆ ಅದು ಈ ಇರಾನಿ ಚಹಾ ಎಂದು ಅಮ್ಮನಿಗೆ ಹೇಳಿದ ಮೇಲೆ ಆಕೆಗೆ ಸ್ವಲ್ಪ ಸಮಾಧಾನವಾಯಿತು.

ನನ್ನ ಅಡುಗೆಮನೆಯಲ್ಲಿ ಈಗ ಎರಡು ಡಬ್ಬಿಗಳಿವೆ. ಬೆಳಿಗ್ಗೆ ಸಿಟಿಸಿ, ಹಾಲಿನಲ್ಲಿ ಮೂರು ಉಕ್ಕು ಬರುವವರೆಗೆ. ಮಧ್ಯಾಹ್ನ ಮೂರಕ್ಕೆ ಇಲ್ಲಿಯವರ ಚಹಾ. ನೀವೂ ಮಾಡಿ ನೋಡಬಹುದು. ಕಲ್ಲುಸಕ್ಕರೆ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ, ಕೆನೆ ಮನೆಯ ಹಾಲಿನದೇ ಸಾಕು, ಅದನ್ನು ಗಂಟಿಲ್ಲದಂತೆ ಕಡೆದುಕೊಳ್ಳಿ. ಅಸ್ಸಾಮಿನ ಎಲೆಚಹಾ ಕೇಳಿ ತರಿಸಿ, ಫಿಲ್ಟರ್ ನೀರು ಬಳಸಿ. ಆದರೆ ಮಂಡಾಳು ವಗ್ಗರಣೆ, ಮಿರ್ಚಿ ಬಜ್ಜಿಯ ಜೊತೆಗೆ ಮಾತ್ರ ಇದನ್ನು ಇಡಬೇಡಿ. ಆ ಖಾರಕ್ಕೆ ನಿಲ್ಲುವುದು ಶುಂಠಿ ಹಾಕಿ ಕುದಿಸಿದ ನಮ್ಮ ಖಡಕ್ ಚಹಾ ಒಂದೇ.