‘ಯಾವುದಕ್ಕೆ?’ ಅಂತ ಮಿಲ್‌ನವರು ಕೇಳಿದ್ದರು

ಹನುಮಂತನಗರದ ಒಂದು ಸಣ್ಣ ಬೇಕರಿಯಲ್ಲಿ ಓವನ್ ಕಡೆಯ ಕೆಲಸ ನನ್ನದು. ಎಂಟು ವರ್ಷವಾಯಿತು. ಬನ್ನು, ಖಾರ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು ಎಲ್ಲ ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ ಅನ್ನುವ ಜಂಬ ಇತ್ತು. ಹೋದ ಡಿಸೆಂಬರಿನಲ್ಲಿ ಅದು ಒಂದೇ ಮಧ್ಯಾಹ್ನಕ್ಕೆ ಇಳಿಯಿತು.

ಕಡಲೆಕಾಯಿ ಪರಿಷೆ ಮುಗಿದ ವಾರ. ಒಂದು ಆಫೀಸಿನವರು ಕ್ರಿಸ್‌ಮಸ್‌ಗೆ 180 ಬಾಕ್ಸ್ ಕುಕೀಸ್ ಬೇಕು ಅಂತ ಬಂದರು. ಬಾಕ್ಸಿಗೆ 12. ಒಳಗೆ ನಾವು ಬಿಸ್ಕತ್ತು ಅಂತಲೇ ಅನ್ನೋದು. ಬಾಕ್ಸಿನ ಮೇಲೆ ಕುಕೀಸ್ ಅಂತ ಬರೆದರೆ ರೇಟು ಸ್ವಲ್ಪ ಮೇಲೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಅವರದು ಒಂದೇ ಷರತ್ತು: ಮೈದಾ ಬೇಡ, ಪೂರ್ತಿ ಗೋಧಿಹಿಟ್ಟು, ಅದೂ ಆಗ ತಾನೇ ಬೀಸಿಸಿದ್ದು. ನಮ್ಮ ಓನರ್ ಯೋಚನೆ ಮಾಡುವ ಮೊದಲೇ ‘ಆಗ್ಲಿ ಸಾರ್’ ಅಂದುಬಿಟ್ಟರು.

ಲೋಕವನ್ ಗೋಧಿ ತರಿಸಿ, ಕಲ್ಲು ಆರಿಸಿ, ಐದು ಕೆಜಿ ಹೊತ್ತುಕೊಂಡು ಹಿಂದಿನ ಬೀದಿಯ ಹಿಟ್ಟಿನ ಮಿಲ್‌ಗೆ ಹೋದೆ. ಸರದಿಯಲ್ಲಿ ನನ್ನ ಮುಂದೆ ಒಬ್ಬರದು ರಾಗಿ. ಹಾಗಾಗಿ ಮಿಲ್ ಯಜಮಾನರು ನನ್ನ ಗೋಧಿಯಲ್ಲಿ ಮೊದಲು ಬಿದ್ದ ನಾಲ್ಕು ಹಿಡಿ ಕಂದು ಹಿಟ್ಟನ್ನು ಬೇರೆ ತೆಗೆದಿಟ್ಟರು. ಆಮೇಲೆ ಬೀಸುವ ಕಲ್ಲನ್ನು ಬಿಗಿ, ಸಡಿಲ ಮಾಡುವ ಗಾಲಿಯ ಮೇಲೆ ಕೈ ಇಟ್ಟು, ‘ಯಾವುದಕ್ಕಮ್ಮಾ? ಚಪಾತಿಗಾ?’ ಅಂದರು. ನನಗೆ ಆತುರ. ‘ಹ್ಞೂ, ಹಾಕಿ’ ಅಂದೆ. ಅವರು ಗಾಲಿಯನ್ನು ಒಂದು ಸುತ್ತು ಬಿಗಿ ಮಾಡಿದ್ದು ನೋಡಿದೆ. ಏನಕ್ಕೆ ಅಂತ ಕೇಳಲಿಲ್ಲ.

ಹಿಟ್ಟಿನ ಚೀಲವನ್ನು ಸೊಂಟಕ್ಕೆ ಆನಿಸಿಕೊಂಡು ಬರುವಾಗ ಚುರುಗುಟ್ಟುತ್ತಿತ್ತು. ಆ ವಾಸನೆ ಗೊತ್ತಲ್ವಾ? ಹೊಸ ಹಿಟ್ಟಿನ ಹಸಿ ಬಿಸಿ ವಾಸನೆ. ಖುಷಿಯಲ್ಲಿ ಅಷ್ಟೇ ಬಿಸಿ ಹಿಟ್ಟನ್ನು, ನೊರೆ ಬರುವ ಹಾಗೆ ನಾದಿಟ್ಟಿದ್ದ ಬೆಣ್ಣೆ ಸಕ್ಕರೆಗೆ ಸುರಿದೆ. ಕಿಲೋ ಹಿಟ್ಟಿಗೆ 550 ಗ್ರಾಂ ಬೆಣ್ಣೆ, 450 ಗ್ರಾಂ ಸಕ್ಕರೆ, ಸ್ವಲ್ಪ ಹಾಲು, ಚಕ್ಕೆ, ಲವಂಗ, ಒಣಶುಂಠಿ, ಜಾಯಿಕಾಯಿ. ಮೈದಾ ಬಿಸ್ಕತ್ತಿನ ಹಳೆ ಲೆಕ್ಕವೇ. ಎರಡು ನಿಮಿಷದಲ್ಲಿ ಬೆಣ್ಣೆ ಕರಗಿ ಪಾತ್ರೆಯ ಬದಿಯಲ್ಲಿ ಎಣ್ಣೆ ಹೊಳೆಯಿತು. ಆಮೇಲೆ ಉಳಿದ ಹಿಟ್ಟಿಗೆ ಥರ್ಮಾಮೀಟರ್ ಚುಚ್ಚಿ ನೋಡಿದರೆ ಇನ್ನೂ 52 ಡಿಗ್ರಿ ಇತ್ತು. ಬೆಣ್ಣೆ 35ರ ಒಳಗೇ ನೀರಾಗುತ್ತದೆ.

ಆದದ್ದಾಯಿತು ಅಂತ ಲಟ್ಟಿಸಿ, ನಕ್ಷತ್ರ, ಕ್ರಿಸ್‌ಮಸ್ ಮರದ ಆಕಾರದ ಅಚ್ಚು ಒತ್ತಿ ಓವನ್‌ಗೆ ಹಾಕಿದೆವು. ಮೊದಲ ಟ್ರೇ ಹೊರಗೆ ಬಂದಾಗ ನಕ್ಷತ್ರಗಳು ಒಂದಕ್ಕೊಂದು ಅಂಟಿಕೊಂಡು ಹಪ್ಪಳದ ಹಾಗೆ ಹರಡಿದ್ದವು. ಸರಿ, ಹಿಟ್ಟು ಸಾಲದು ಅಂದುಕೊಂಡು ಹೆಲ್ಪರ್ ಹುಡುಗ ಇನ್ನೆರಡು ಹಿಡಿ ಸೇರಿಸಿದ. ಒಂದು ಗಂಟೆ ಬಿಟ್ಟು ಹಾಕಿದ ಕೊನೆಯ ಟ್ರೇ ಹೇಗಿತ್ತು ಅಂದರೆ, ಅಚ್ಚು ಒತ್ತಿದಷ್ಟೇ ಅಗಲ, ಮೇಲೆಲ್ಲ ಬಿರುಕು, ಕಚ್ಚಿದರೆ ಮರಳು. ಒಂದೇ ಪಾತ್ರೆಯಲ್ಲಿ ಕಲಸಿದ್ದು! ಮೊದಲನೆಯದು ಹಪ್ಪಳ, ಕೊನೆಯದು ಇಟ್ಟಿಗೆ. ಐದು ಕೆಜಿಯೂ ದಂಡ. ಓನರ್ ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮಾರನೇ ಬೆಳಿಗ್ಗೆ ಎರಡು ಬಿಸ್ಕತ್ತು ಪೇಪರಿನಲ್ಲಿ ಸುತ್ತಿಕೊಂಡು ಮಿಲ್‌ಗೆ ಹೋದೆ. ನಿಜ ಹೇಳಬೇಕೆಂದರೆ ಜಗಳಕ್ಕೇ ಹೋಗಿದ್ದೆ. ಯಜಮಾನರು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಜಗಿದು ಕೇಳಿದರು: ‘ಬಿಸ್ಕತ್ತಿಗೆ ಅಂತ ಯಾಕಮ್ಮಾ ಹೇಳ್ಲಿಲ್ಲ? ನಾನು ಕೇಳಿದ್ನಲ್ಲ.’

ಅವರು ಹೇಳಿದ್ದಕ್ಕೆ ನಮ್ಮ ಬೇಕರಿ ಭಾಷೆಯಲ್ಲಿ ಅರ್ಥ ಇಷ್ಟು. ಚಪಾತಿಗೆ ಕಲ್ಲು ಬಿಗಿ ಮಾಡಿ ನುಣ್ಣಗೆ ಬೀಸುತ್ತಾರೆ. ಆ ತಿಕ್ಕಾಟಕ್ಕೆ ಹಿಟ್ಟು ಕಾಯುತ್ತದೆ. ಜೊತೆಗೆ ಗೋಧಿಯೊಳಗಿನ ಪಿಷ್ಟದ ಕಣಗಳೂ ಒಡೆಯುತ್ತವೆ. ಒಡೆದ ಪಿಷ್ಟ ನೀರನ್ನು ಜಾಸ್ತಿ ಕುಡಿಯುತ್ತದೆ. ಚಪಾತಿಗೆ ಅದೇ ಬೇಕು. ನೀರು ಹಿಡಿದಷ್ಟೂ ಮೆತ್ತಗೆ, ಮಧ್ಯಾಹ್ನದ ಡಬ್ಬಿಯಲ್ಲೂ ಮೆತ್ತಗೆ. ಬಿಸ್ಕತ್ತಿಗೆ ಅದೇ ಶತ್ರು. ಇರುವ ನಾಲ್ಕು ಚಮಚ ಹಾಲನ್ನು ಹಿಟ್ಟೇ ಕುಡಿದುಬಿಟ್ಟರೆ ಬಿಸ್ಕತ್ತು ಹರಡುವುದಾದರೂ ಹೇಗೆ? ಮೈದಾ ಉಕ್ಕಿನ ರೋಲರ್‌ಗಳಲ್ಲಿ ಆಗುತ್ತದೆ, ಅದರಲ್ಲಿ ಪಿಷ್ಟ ಇಷ್ಟು ಒಡೆಯುವುದಿಲ್ಲ. ಬೂಸಾನೂ ಇರುವುದಿಲ್ಲ.

ಗೋಧಿ ಕಾಳಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ 14 ಪಾಲು ಬೂಸಾ. ಅದು ನೀರು ಕುಡಿಯುತ್ತದೆ, ಆದರೆ ನಿಧಾನ. ನಮ್ಮ ಮೊದಲ ಟ್ರೇ ಓವನ್‌ಗೆ ಹೋಗುವಾಗ ಬೆಣ್ಣೆ ಕರಗಿತ್ತು, ಬೂಸಾ ಇನ್ನೂ ಬಾಯಿ ತೆರೆದಿರಲಿಲ್ಲ, ಅದಕ್ಕೇ ಹರಡಿತು. ಕೊನೆಯ ಟ್ರೇ ಹೊತ್ತಿಗೆ ಇದ್ದದ್ದನ್ನೆಲ್ಲ ಕುಡಿದು ಕೂತಿತ್ತು. ಹುಡುಗ ಮೇಲೆ ಎರಡು ಹಿಡಿ ಸೇರಿಸಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಪಾಪ, ಅವನದೇನೂ ತಪ್ಪಿಲ್ಲ. ಮೈದಾದಲ್ಲಿ ನಾನೇ ಅವನಿಗೆ ಹಾಗೆ ಕಲಿಸಿದ್ದೆ.

ಯಜಮಾನರು ಈ ಸಲ ಕಲ್ಲು ಸಡಿಲ ಬಿಟ್ಟು ಎರಡು ಸಲ ಹಾಕಿದರು. ಮೊದಲ ಸುತ್ತಿಗೆ ತರಿ, ಎರಡನೆಯದಕ್ಕೆ ಹಿಟ್ಟು. ಮಧ್ಯೆ ಹತ್ತು ನಿಮಿಷ ಆರಲು ಬಿಟ್ಟರು. ಸರದಿಯಲ್ಲಿ ನಿಂತಿದ್ದವರು ಗೊಣಗಿದರು. ‘ಆರ್ಡರ್ ಮಾಲು ಕಣ್ರೀ, ಕಾಯ್ರಿ’ ಅಂತ ಅವರೇ ಗದರಿದರು. ಹಿಟ್ಟು ಕೈಗೆ ಬರೀ ಬೆಚ್ಚಗಿತ್ತು. ಅದನ್ನೂ ರಾತ್ರಿ ಟ್ರೇಗಳಲ್ಲಿ ತೆಳ್ಳಗೆ ಹರಡಿ, ಬಟ್ಟೆ ಮುಚ್ಚಿಟ್ಟೆವು.

ಬೆಳಿಗ್ಗೆ ಜರಡಿ ಹಿಡಿದೆ. ಐದು ಕೆಜಿಗೆ ಸುಮಾರು 400 ಗ್ರಾಂ ಬೂಸಾ ಮೇಲೆ ಉಳಿಯಿತು. ಅದನ್ನು ಎಸೆದರೆ ಪೂರ್ತಿ ಗೋಧಿ ಅಂತ ಬಾಕ್ಸಿನ ಮೇಲೆ ಬರೆಯುವ ಹಾಗಿಲ್ಲ, ಅಲ್ವಾ? ಅದಕ್ಕೆ 600 ಮಿಲಿ ಬಿಸಿ ಹಾಲು ಸುರಿದು, ಅರ್ಧ ಗಂಟೆ ನೆನೆಸಿ, ಪೂರ್ತಿ ತಣ್ಣಗಾದ ಮೇಲೆ ಬೆಣ್ಣೆಗೆ ಸೇರಿಸಿದೆ. ಕುಡಿಯುವುದನ್ನು ಮೊದಲೇ ಕುಡಿದುಬಿಡಲಿ ಅಂತ. ಬೆರಳಲ್ಲಿ ಹಿಚುಕಿದರೆ ನೆನೆದ ಅವಲಕ್ಕಿಯ ಹಾಗಿತ್ತು, ಚುಚ್ಚುತ್ತಿರಲಿಲ್ಲ. ಕಲಸಿದ ಮೇಲೆ ಮುದ್ದೆ ಸ್ವಲ್ಪ ಅಂಟಂಟು. ಕೈ ತುರಿಸುತ್ತಿತ್ತು, ಒಂದು ಹಿಡಿ ಹಿಟ್ಟು ಹಾಕಿಬಿಡೋಣ ಅಂತ. ಹಾಕಲಿಲ್ಲ. ಸುಮ್ನೆ ಫ್ರಿಜ್‌ನಲ್ಲಿ ಒಂದು ರಾತ್ರಿ ಇಟ್ಟೆ. ಮರುದಿನ ತಾನಾಗೇ ಗಟ್ಟಿಯಾಗಿ, ಅಚ್ಚಿನಿಂದ ನಕ್ಷತ್ರದ ಐದು ಮೂಲೆಯೂ ಹರಿಯದೆ ಬಂತು. ಮೊದಲ ಟ್ರೇ, ಕೊನೆ ಟ್ರೇ ಎರಡನ್ನೂ ಪಕ್ಕದಲ್ಲಿಟ್ಟರೆ ಯಾವುದು ಯಾವುದು ಅಂತ ಗೊತ್ತಾಗಲಿಲ್ಲ.

ಓವನ್ನಿನಲ್ಲಿ ಇನ್ನೊಂದು ಪೇಚು ಕಾದಿತ್ತು. ಮೈದಾ ಬಿಸ್ಕತ್ತು ಬೆಂದದ್ದು ಕಣ್ಣಿಗೆ ಕಾಣುತ್ತದೆ. ಬಿಳಿ ಇದ್ದದ್ದು ಅಂಚಿನಲ್ಲಿ ಹೊಂಬಣ್ಣಕ್ಕೆ ತಿರುಗಿತು ಅಂದರೆ ತೆಗಿ. ಗೋಧಿಯದು ಹಸಿಯಾಗಿದ್ದಾಗಲೇ ಕಂದು. ಹುಡುಗ ಬಾಗಿಲಲ್ಲಿ ಬಗ್ಗಿ ಬಗ್ಗಿ ನೋಡಿ, ‘ಅಕ್ಕಾ, ಇದು ಆಗೋಗಿದೆ ಅನ್ಸುತ್ತೆ’ ಅಂತ ಒಂದು ಟ್ರೇ ಹಸಿಹಸಿಯೇ ತೆಗೆದ. ಇನ್ನೊಂದನ್ನು ಕಾಯುತ್ತಾ ಕೂತು ಸೀಯಿಸಿದ. ಕೊನೆಗೆ ನಾವು ಬಣ್ಣ ಬಿಟ್ಟು ಮೂಗು ಹಿಡಿದೆವು. 160 ಡಿಗ್ರಿಯಲ್ಲಿ ಮೊದಲು ಬೆಣ್ಣೆ ವಾಸನೆ ಬರುತ್ತದೆ, ಆಮೇಲೆ ಮಸಾಲೆ, ಆಮೇಲೆ ರವೆ ಹುರಿದ ಹಾಗೆ ಒಂದು ವಾಸನೆ. ಅದು ಬಂದ ಮೇಲೆ ಒಂದನ್ನು ಮಗುಚಿ ತಳ ನೋಡುವುದು. ಹುಡುಗನಿಗೆ ಆವತ್ತು ನೆಗಡಿ ಬೇರೆ ಇತ್ತು, ಆ ಕಥೆ ಬೇಡ ಬಿಡಿ.

ಓನರ್ ಒಂದೇ ದಿನ ಇಪ್ಪತ್ತು ಕೆಜಿ ಬೀಸಿಸಿಬಿಡು ಅಂದರು. ಅದಕ್ಕೆ ಮಾತ್ರ ಒಪ್ಪಲಿಲ್ಲ. ಗೋಧಿಯ ಮೊಳಕೆ ಭಾಗದಲ್ಲಿ ಎಣ್ಣೆ ಇರುತ್ತದೆ. ಬೀಸಿದ ಮೇಲೆ ಅದಕ್ಕೆ ಗಾಳಿ ತಾಗಿ ದಿನ ಕಳೆದಂತೆ ಕಮಟು ವಾಸನೆ, ಕಹಿ. ನಮ್ಮ ಹಿಟ್ಟಿನ ಚೀಲಗಳು ಇರುವುದೋ ಓವನ್ ಪಕ್ಕದಲ್ಲಿ. ಮೈದಾಗೆ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ದಿನ ಬಿಟ್ಟು ದಿನ ಐದೈದು ಕೆಜಿ ಹೊತ್ತೆ. 180 ಬಾಕ್ಸ್ 23ನೇ ತಾರೀಖು ಸಂಜೆ ಹೋಯಿತು. ಹೊಸೂರು ರಸ್ತೆ ಟ್ರಾಫಿಕ್ಕಿನಲ್ಲಿ ಮರದ ಆಕಾರದ ಬಿಸ್ಕತ್ತುಗಳ ತುದಿ ಒಂದಷ್ಟು ಮುರಿದವಂತೆ. ಅದಕ್ಕೆ ನಾನು ಜವಾಬ್ದಾರಿಯಲ್ಲ.

ಈಗ ನನ್ನ ರೆಸಿಪಿ ನೋಟ್‌ಬುಕ್ಕಿನಲ್ಲಿ ಹಿಟ್ಟಿನ ಪಕ್ಕ ತೂಕ ಮಾತ್ರ ಇಲ್ಲ. ಯಾವ ಗೋಧಿ, ಕಲ್ಲು ಬಿಗಿಯೋ ಸಡಿಲವೋ, ಬೀಸಿಸಿದ್ದು ಯಾವತ್ತು, ಮೂರೂ ಇವೆ. ಸಂಕ್ರಾಂತಿ ಆದ ಮೇಲೆ ಜವೆ ಗೋಧಿ ಹಾಕಿ ನೋಡಿದೆ, ನಮ್ಮ ಉತ್ತರ ಕರ್ನಾಟಕದ ಕಡೆ ಹುಗ್ಗಿಗೆ ಹಾಕುತ್ತಾರಲ್ಲ, ಅದು. ಅದರ ಅಂಟು ಕಡಿಮೆ, ಎಳೆಯುವ ಗುಣವಿಲ್ಲ, ಬಿಸ್ಕತ್ತು ಬಾಯಲ್ಲಿ ಚೆನ್ನಾಗಿ ಉದುರಿತು. ಬೆಲೆ ಮಾತ್ರ ಓನರ್‌ಗೆ ಉದುರಲಿಲ್ಲ.

ಜನವರಿ ಕೊನೆಯಲ್ಲಿ ಮನೆಗೆ ಅಂತ ಎರಡು ಕೆಜಿ ಗೋಧಿ ತೆಗೆದುಕೊಂಡು ಅದೇ ಮಿಲ್‌ಗೆ ಹೋದೆ. ಫೋನಿನಲ್ಲಿ ಮಾತಾಡುತ್ತಿದ್ದೆ. ಯಜಮಾನರು ನನ್ನ ಮುಖ ನೋಡಿ ನಕ್ಕು, ಗಾಲಿ ಸಡಿಲ ಮಾಡಿ, ತಣ್ಣಗೆ ಎರಡು ಸಲ ಬೀಸಿ ಕೊಟ್ಟರು. ನಾನು ದುಡ್ಡು ಕೊಟ್ಟು ಬಂದೆ. ರಾತ್ರಿ ಲಟ್ಟಣಿಗೆಗೆ ಸಿಕ್ಕ ಚಪಾತಿ ಮೂರು ಕಡೆ ಸೀಳಿತು. ಅಮ್ಮ ಅದನ್ನು ಎತ್ತಿ ದೀಪಕ್ಕೆ ಹಿಡಿದು ಕೇಳಿದರು: ‘ಏನೇ ಇದು, ಯಾವುದಕ್ಕೆ ಅಂತ ಬೀಸಿಸಿದೆ?’