ನನ್ನ ಪಿಟೀಲು: ಬೇಸ್ ಬಾರ್ ಕೂತಿತು

ನಾನೇ ಮಾಡುತ್ತಿರುವ ಪಿಟೀಲಿನ ಮೇಲಿನ ಹಲಗೆಗೆ ಬೇಸ್ ಬಾರ್ ಅಂಟಿಸಿಯಾಯಿತು. ಹಿಂದಿನ ಸಲ ಹಲಗೆಯ ಎಫ್ ತೂತುಗಳನ್ನು (f ಆಕಾರದ ಎರಡು ಕಂಡಿ) ಕೊರೆಯುವ ತನಕ ಬರೆದಿದ್ದೆ. ಆಮೇಲೆ ಸ್ವಲ್ಪ ದಿನ ಉಳಿ ಮುಟ್ಟಲಿಲ್ಲ. ಬಾರ್ ಎಷ್ಟು ಎತ್ತರ ಇರಬೇಕು ಅನ್ನುವುದೇ ತೀರ್ಮಾನವಾಗಿರಲಿಲ್ಲ.

ಪಿಟೀಲಿನ ಒಳಗೆ ಇಣುಕಿ ನೋಡದವರಿಗೆ ಹೇಳಬೇಕು. ಮೇಲಿನ ಹಲಗೆಯ ಒಳಮೈಗೆ, ಮಂದ್ರ ತಂತಿಯ ಕಡೆ, ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಒಂದು ಕಾಲಿನ ಕೆಳಗೆ ಹಾದುಹೋಗುವ ಹಾಗೆ ಉದ್ದಕ್ಕೆ ಸ್ಪ್ರೂಸ್ ಮರದ ಒಂದು ಪಟ್ಟಿ ಅಂಟಿಸಿರುತ್ತಾರೆ. ಅದೇ ಬೇಸ್ ಬಾರ್. ಇನ್ನೊಂದು ಕಾಲಿನ ಹತ್ತಿರ ಸೌಂಡ್ ಪೋಸ್ಟ್, ಅಂದರೆ ಮೇಲಿನ ಹಲಗೆಗೂ ಕೆಳಗಿನದಕ್ಕೂ ನಡುವಿನ ಮರದ ಕಡ್ಡಿ, ನಿಲ್ಲುತ್ತದೆ. ಹಲಗೆ ಇರುವುದೇ ಸುಮಾರು 3 ಮಿಲಿಮೀಟರ್ ದಪ್ಪ. ತಂತಿಗಳ ಒತ್ತಡ ತಡೆಯುವುದಕ್ಕೂ, ಕೆಳಸ್ವರಗಳ ಅದುರು ಹಲಗೆಯ ಉದ್ದಕ್ಕೂ ಹರಡುವುದಕ್ಕೂ ಬಾರ್ ಬೇಕು.

ನಾನು ಹಿಡಿದಿರುವುದು ಇಟಲಿಯ ಕ್ರೆಮೋನಾದ ಪಿಟೀಲು ತಯಾರಕ ಸ್ಟ್ರಾಡಿವೇರಿಯ ಮಾದರಿ. ಆತ ತೀರಿಕೊಂಡದ್ದು 1737ರಲ್ಲಿ. ಆ ಕಾಲದ ಬಾರ್‌ಗಳು ಇವತ್ತಿನದಕ್ಕಿಂತ ಗಿಡ್ಡ, ಎತ್ತರವೂ ಕಡಿಮೆ. ಮುಂದೆ ಯುರೋಪಿನಲ್ಲಿ ಶ್ರುತಿ ಏರಿತು, ತಂತಿಯ ಬಿಗಿತ ಜಾಸ್ತಿಯಾಯಿತು. ಹಳೇ ಪಿಟೀಲುಗಳನ್ನು ಬಿಚ್ಚಿ ದೊಡ್ಡ ಬಾರ್ ಹಾಕಿದರು, ಕುತ್ತಿಗೆಯನ್ನೂ ಬದಲಾಯಿಸಿದರು. ಆತನ ಕೈಯಲ್ಲೇ ಆದ ಬಾರ್ ಇನ್ನೂ ಉಳಿದಿರುವ ಪಿಟೀಲು ತೀರಾ ಅಪರೂಪ.

ಆದರೆ ನಾನು ಮಾಡುತ್ತಿರುವುದು ಕರ್ನಾಟಕ ಸಂಗೀತಕ್ಕೆ. ನಮ್ಮ ನಾಲ್ಕು ತಂತಿಗಳ ಶ್ರುತಿ ಸ-ಪ-ಸ-ಪ. ಎರಡು ಮನೆ ಶ್ರುತಿ (ಹಾರ್ಮೋನಿಯಂನ ಎರಡನೇ ಬಿಳಿ ಮನೆಯನ್ನು ಸ ಮಾಡಿಕೊಂಡದ್ದು) ಇಟ್ಟರೆ ಮೊದಲ ತಂತಿ 440 ಹರ್ಟ್ಸ್‌ಗೆ ನಿಲ್ಲುತ್ತದೆ. ಪಾಶ್ಚಾತ್ಯ ಪದ್ಧತಿಯಲ್ಲಿ ಅದೇ ತಂತಿ 659ಕ್ಕೆ ಏರುತ್ತದೆ. ಬಿಗಿತ ಕಂಪನಸಂಖ್ಯೆಯ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕ ಹಾಗೆ ಹೆಚ್ಚು ಕಡಿಮೆ ಆಗುತ್ತದೆ. ಹಾಗಾಗಿ ಅದೇ ತಂತಿ, ಅದೇ ಉದ್ದ ಇದ್ದರೆ ನಮ್ಮಲ್ಲಿ ಬಿಗಿತ ಅರ್ಧಕ್ಕೂ ಕಡಿಮೆ. ಅಂದ ಮೇಲೆ ಹಳೇ ಕಾಲದ ಸಣ್ಣ ಬಾರೇ ಸಾಕಲ್ವಾ?

ಬರೀ ತನಿ, ಅಂದರೆ ಒಬ್ಬನೇ, ನುಡಿಸುವುದಾದರೆ ಸಾಕು ಅಂತಲೇ ನನ್ನ ಎಣಿಕೆ. ಆದರೆ ಐದು ಮನೆ ಶ್ರುತಿಯ ಗಾಯಕಿಯ ಪಕ್ಕದಲ್ಲಿ ಕೂತರೆ ಅದೇ ತಂತಿ 587ಕ್ಕೆ ಹೋಗುತ್ತದೆ. ಇವತ್ತು ಹೀಗೆ, ನಾಳೆ ಹಾಗೆ. ಎರಡನ್ನೂ ಒಂದೇ ಪೆಟ್ಟಿಗೆ ತಾಳಬೇಕು. (ಮೈಕ್ ಇಲ್ಲದ ಕಾಲದಲ್ಲಿ ದನಿ ದೂರ ಮುಟ್ಟಲಿ ಅಂತ ನಮ್ಮ ತಿರುಮಕೂಡಲು ಚೌಡಯ್ಯನವರು ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಅದರ ಒಳಗಿನ ಬಾರ್ ನೋಡುವ ಆಸೆ ನನಗೆ.) ಬಾರ್‌ನ ಎತ್ತರಕ್ಕೆ ಈಗಿನ ರೂಢಿ ನಡುಭಾಗದಲ್ಲಿ 12 ಮಿಲಿಮೀಟರ್ ಸುತ್ತಮುತ್ತ. ನಾನು 11ಕ್ಕೆ ನಿಲ್ಲಿಸಿದೆ. ದಪ್ಪ ಮಾತ್ರ ಎಲ್ಲರ ಹಾಗೆ ಐದೂವರೆ.

ಕೂರಿಸುವ ಕೆಲಸ ಇದೆಯಲ್ಲ, ಅದೇ ಮಜಾ. ಹಲಗೆಯ ಒಳಮೈ ಕಮಾನಿನ ಹಾಗೆ ಬಾಗಿರುತ್ತದೆ. ಬಾರ್‌ನ ತಳ ಆ ಬಾಗಿಗೆ ಕೂದಲೆಳೆಯೂ ಸಂದಿಲ್ಲದೆ ಕೂರಬೇಕು. ಹಲಗೆಗೆ ಸೀಮೆಸುಣ್ಣ ಸವರಿ, ಬಾರ್ ಇಟ್ಟು ಒತ್ತಿ ತೆಗೆದರೆ ತಗಲಿದ ಕಡೆ ಬಿಳಿ ಹತ್ತುತ್ತದೆ. ಆ ಬಿಳಿಯನ್ನಷ್ಟೇ ಉಳಿಯಿಂದ ಕೆರೆಯಬೇಕು. ಮತ್ತೆ ಒತ್ತು, ಮತ್ತೆ ಕೆರೆ. ಮೊದಲು ಎರಡು ಮೂರು ಚುಕ್ಕೆ. ಸಂಜೆ ಹೊತ್ತಿಗೆ ಉದ್ದಕ್ಕೂ ಬಿಳಿ ಗೆರೆ. ಅಂಟಿಸುವ ಮುಂಚೆ ಸುಣ್ಣವನ್ನು ಪೂರ್ತಿ ಒರೆಸಬೇಕು, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ. ಬಾರ್‌ನ ಎರಡೂ ತುದಿಯನ್ನು ಚೂರು ಎತ್ತರಿಸಿಟ್ಟು ಬಲವಾಗಿ ಒತ್ತಿ ಅಂಟಿಸುವವರೂ ಇದ್ದಾರೆ, ಹಲಗೆಗೆ ಸ್ಪ್ರಿಂಗ್ ಬರಲಿ ಅಂತ. ಸುಮ್ನೆ ಹಲಗೆಯನ್ನು ಹಿಂಸಿಸಿದ ಹಾಗೆ ಅನ್ನಿಸುತ್ತದೆ ನನಗೆ. ಸಮವಾಗಿಯೇ ಕೂರಿಸಿದೆ.

ಅಂಟು ಚರ್ಮದಿಂದ ಮಾಡಿದ್ದು. 60 ಡಿಗ್ರಿ ಬಿಸಿಯಲ್ಲಿ ಇಟ್ಟುಕೊಂಡು ಹಚ್ಚಬೇಕು. ತಣಿದರೆ ಗಟ್ಟಿಯಾಗಿಬಿಡುತ್ತದೆ, ಅದಕ್ಕೇ ಮರವನ್ನೂ ಕೊಂಚ ಬಿಸಿ ಮಾಡಿ, ಕ್ಲಾಂಪ್‌ಗಳನ್ನು ಮೊದಲೇ ಅಳತೆಗೆ ತಿರುಗಿಸಿ ಇಟ್ಟಿದ್ದೆ. ಮಾರನೇ ದಿನ ಬಾರನ್ನು ನಡುವೆ ಎತ್ತರ ಉಳಿಸಿ, ತುದಿಗಳ ಕಡೆ ಇಳಿಜಾರಾಗಿ ಕೆತ್ತಿದೆ. ಬಾರ್ ಅಂಟಿಸಿದ ಮೇಲೆ ಹಲಗೆ ತಟ್ಟಿದರೆ ಸ್ವರ ಏರಿತ್ತು. ಕೆತ್ತುತ್ತಾ ಹೋದ ಹಾಗೆ ಮೆಲ್ಲಗೆ ಇಳಿಯಿತು.

ಮುಂದೆ ಪೆಟ್ಟಿಗೆ ಮುಚ್ಚುವುದು. ಮೇಲಿನ ಹಲಗೆಗೆ ಅಂಟನ್ನು ಬೇಕೆಂದೇ ನೀರಾಗಿ ಹಚ್ಚುತ್ತಾರೆ, ನಾಳೆ ರಿಪೇರಿಗೆ ಬಿಚ್ಚಬೇಕಾದರೆ ಮರ ಒಡೆಯದೆ ಬಿಡಲಿ ಅಂತ. ಸಣ್ಣ ಬಾರ್ ಹಾಕುವ ಯೋಚನೆಯನ್ನು ನಾನು ಪೂರ್ತಿ ಬಿಟ್ಟಿಲ್ಲ, ದಾರಿ ತೆರೆದೇ ಇದೆ. ಮಳೆ ಬಿಡುವ ತನಕ ಮುಚ್ಚುವ ಕೆಲಸ ಬೇಡ. ಅಲ್ಲಿಯವರೆಗೆ ಕುತ್ತಿಗೆಯ ತುದಿಯ ಸುರುಳಿ ಕೆತ್ತುತ್ತೇನೆ. ನಾವು ನೆಲದ ಮೇಲೆ ಕೂತು ಸುರುಳಿಯನ್ನು ಪಾದದ ಮೇಲೆ ಊರುತ್ತೇವಲ್ಲ, ಅಂಚುಗಳನ್ನು ಮಾದರಿಗಿಂತ ಸ್ವಲ್ಪ ಜಾಸ್ತಿಯೇ ದುಂಡಗೆ ಮಾಡಬೇಕು.