ಹಾಳೆ ಮೇಲಿನ ಪಾದ

13 ನವೆಂಬರ್ 2025, ಗುರುವಾರ, ರಾತ್ರಿ 10.40

ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿದ ನೀರಿನ ಬಾಟಲಿಯನ್ನು ಎಡ ಅಂಗಾಲಿನಡಿ ಉರುಳಿಸುತ್ತಾ ಕೂತಿದ್ದೇನೆ. ಪುಟ್ಟಿ ಮಲಗಿದಳು. ಇವರಿಗೆ ಈ ವಾರ ನೈಟ್ ಶಿಫ್ಟು.

ಬೆಳಿಗ್ಗೆ ಮಂಚದಿಂದ ಇಳಿದ ಕೂಡಲೇ ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಯಿತು. ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋದೆ. ಡಾಕ್ಟರು ಹೋದ ತಿಂಗಳು ವಿವರವಾಗಿ ಹೇಳಿದ್ದರು. ಹಿಮ್ಮಡಿ ಮೂಳೆಯಿಂದ ಬೆರಳ ಬುಡದವರೆಗೆ ಅಂಗಾಲಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತದಂತೆ, ಪ್ಲಾಂಟರ್ ಫೇಶಿಯಾ ಅಂತ ಅದರ ಹೆಸರು. ರಾತ್ರಿಯೆಲ್ಲ ಮುದುಡಿಕೊಂಡಿದ್ದು ಬೆಳಗಿನ ಮೊದಲ ಹೆಜ್ಜೆಗೆ ಜಗ್ಗುತ್ತದೆ, ಅದಕ್ಕೇ ಆ ನೋವು. ಮೀನಖಂಡ ಎಳೆದು ಮಾಡುವ ವ್ಯಾಯಾಮ ತೋರಿಸಿದರು, ಮಾತ್ರೆ ಬರೆದುಕೊಟ್ಟರು, "ಜಾಸ್ತಿ ಹೊತ್ತು ನಿಲ್ಲಬೇಡಿ" ಅಂದರು. ಸೀರೆ ಕೌಂಟರಿನಲ್ಲಿ ನಿಲ್ಲುವುದೇ ನನ್ನ ಕೆಲಸ. ಅವರಿಗೆ ಏನು ಹೇಳಬೇಕೋ ತೋಚದೆ ಸುಮ್ಮನೆ ಎದ್ದು ಬಂದೆ.

ಇವತ್ತು ಊಟದ ಬಿಡುವಿನಲ್ಲಿ ಬೆಲ್ಲಿ ಶೂಗೆ ಅಂಟು ಹಾಕಿಸೋಣ ಅಂತ ಚಿಕ್ಕ ಗಡಿಯಾರದ ಗೋಪುರದ ಪಕ್ಕ ಛತ್ರಿ ಕೆಳಗೆ ಕೂತು ಚಪ್ಪಲಿ ಹೊಲಿಯುವ ಅಣ್ಣನ ಹತ್ತಿರ ಹೋದೆ. ಅವರು ಅಂಟಿನ ಡಬ್ಬಿ ಮುಟ್ಟಲೇ ಇಲ್ಲ. ಶೂವಿನ ತುದಿಗೊಂದು ಕೈ, ಹಿಂದಕ್ಕೊಂದು ಕೈ ಹಾಕಿ ಬಗ್ಗಿಸಿದರು. ಚಪಾತಿ ಮಡಚಿದ ಹಾಗೆ ನಟ್ಟನಡುವೆ ಮಡಚಿಕೊಂಡಿತು.

"ನಮ್ ಪಾದ ಎಲ್ಲಿ ಬಗ್ತದೆ ಹೇಳವ್ವ? ಬೆರಳ ಬುಡದಲ್ಲಿ ತಾನೆ? ಜೋಡೂ ಅಲ್ಲೇ ಬಗ್ಬೇಕು. ನಡುವಿಗೇ ಬಗ್ಗಿದ್ರೆ ಭಾರ ಎಲ್ಲಾ ಅಂಗಾಲ ಮೇಲೆ ಬೀಳ್ತದೆ."

ಆಮೇಲೆ ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದರು, ತಿರುಚಿಕೊಂಡಿತು. ಹಿಂಬದಿಯನ್ನು ಹೆಬ್ಬೆರಳಿನಿಂದ ಒತ್ತಿದರು, ಒಳಕ್ಕೆ ಕುಸಿಯಿತು. "ಹಿಮ್ಮಡಿ ಹಿಡ್ಕೊಳಕ್ಕೆ ಇದ್ರಲ್ಲಿ ಏನೂ ಇಲ್ಲ" ಅಂದರು.

ಒಂದು ಹಳೇ ಪೇಪರ್ ಹಾಸಿ, ಕೂತು ಅಲ್ಲ, ನಿಂತುಕೊಂಡೇ ಕಾಲಿಡಲು ಹೇಳಿದರು. ಭಾರ ಬಿದ್ದಾಗ ಪಾದ ಹರಡಿಕೊಳ್ಳುತ್ತದೆ, ಸಂಜೆ ಹೊತ್ತಿಗೆ ಇನ್ನಷ್ಟು ಊದಿರುತ್ತದೆ, ಬೆಳಿಗ್ಗೆ ಹೋಗಿ ಶೂ ಕೊಳ್ಳಲೇಬಾರದು ಅಂದರು. ಪೆನ್ಸಿಲಿನಲ್ಲಿ ಸುತ್ತ ಗೀರು ಎಳೆದು, ಅದರ ಮೇಲೆ ನನ್ನ ಶೂ ಇಟ್ಟರು. ಕಿರುಬೆರಳ ಕಡೆ ಗೀರು ಶೂವಿನಿಂದ ಅರ್ಧ ಬೆರಳು ಆಚೆ ಇತ್ತು! ಅಷ್ಟನ್ನು ದಿನಾ ಒಳಕ್ಕೆ ತುರುಕಿಕೊಂಡು ನಿಲ್ಲುತ್ತಿದ್ದೆ. ಮದುವೆಗೆ ಮುಂಚೆ ಐದನೇ ನಂಬರು, ಪುಟ್ಟಿ ಹುಟ್ಟಿದ ಮೇಲೂ ಅದೇ ಐದು ಅಂತ ಕೇಳಿ ತಗೊಳ್ಳುತ್ತಿದ್ದೆ. ಬಸುರಿಯಲ್ಲಿ ಪಾದ ಬೆಳೆಯಬಹುದು ಅಂತ ನನಗೆ ಒಬ್ಬರಾದರೂ ಹೇಳಿರಲಿಲ್ಲ.

"ಹುಡುಗ್ರ ಕಪ್ಪು ಸ್ಕೂಲ್ ಶೂ ತಗೊ, ಅಗಲ ಇರ್ತದೆ. ಉದ್ದನೇ ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಬಿಡು. ತಂದ್ಕೊಡು, ಒಳಗಿಂದು ಕಿತ್ತು ಎಂಸಿಆರ್ ಹಾಕ್ಕೊಡ್ತೀನಿ."

ಎಂಸಿಆರ್ ರಬ್ಬರಿನ ತುಂಡೊಂದನ್ನು ಕೈಗೆ ಕೊಟ್ಟರು. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮೆಲ್ಲಗೆ ಮೇಲೇಳುತ್ತದೆ. ಸಕ್ಕರೆ ಕಾಯಿಲೆಯವರಿಗೆ, ಕುಷ್ಠ ವಾಸಿಯಾದವರಿಗೆ ಇದನ್ನೇ ಹಾಕಿ ಎಷ್ಟೋ ಜೊತೆ ಹೊಲಿದಿದ್ದಾರಂತೆ. ಆ ತುಂಡನ್ನು ಹಿಂದಕ್ಕೆ ಕೊಡಲು ಮನಸ್ಸಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಇಷ್ಟು ದಿನದಲ್ಲಿ ನನ್ನ ಕಾಲನ್ನು ಇಷ್ಟು ಹೊತ್ತು ನೋಡಿದವರು ಅವರೊಬ್ಬರೇ. ದುಡ್ಡೂ ತೆಗೆದುಕೊಳ್ಳಲಿಲ್ಲ.

ವಾಪಸ್ಸು ಬರುವಷ್ಟರಲ್ಲಿ ಐದು ನಿಮಿಷ ತಡ. ಮಾತು ಕೇಳಿಸಿಕೊಂಡೆ. ಬೇಡ, ಅದನ್ನು ಬರೆಯಲ್ಲ.

ಮದುವೆ ಜವಳಿಗೆ ಬಂದವರು ಒಂದೇ ಮನೆಯವರು ಹನ್ನೊಂದು ಜನ. ಅರವತ್ತು ಸೀರೆ ಬಿಚ್ಚಿದೆ. ಅವರ ಅಜ್ಜಿ ಕುರ್ಚಿಯಲ್ಲಿ ಕೂತಿದ್ದವರು "ನೀನೂ ಕೂತ್ಕೊಳೇ ಮಗಳೇ" ಅಂದರು. ಕೌಂಟರಿನ ಹಿಂದೆ ಇದ್ದ ಸ್ಟೂಲನ್ನು ದಸರಾ ರಶ್ಶಿನಲ್ಲಿ ಗೋಡೌನಿಗೆ ಹಾಕಿದರು, ಮತ್ತೆ ತರಲಿಲ್ಲ. ಗಿರಾಕಿ ಇಲ್ಲದ ಹೊತ್ತಲ್ಲಾದರೂ ಕೂರಬಾರದೇ?

ನಮ್ಮ ಅಂಗಡಿಯ ವಯನಾಡಿನ ಹುಡುಗಿ ಹೇಳುತ್ತಿದ್ದಳು, ಕೇರಳದಲ್ಲಿ ಬಟ್ಟೆ ಅಂಗಡಿ ಹೆಂಗಸರು ಹೋರಾಡಿ 2018ರಲ್ಲಿ ಕೂರುವ ಹಕ್ಕಿಗೆ ಕಾನೂನೇ ಮಾಡಿಸಿದರು, ತಮಿಳುನಾಡಿನಲ್ಲೂ 2021ರಲ್ಲಿ ಬಂತು ಅಂತ. ಕೋಳಿಕ್ಕೋಡಿನ ವಿಜಿ ಅನ್ನುವ ದರ್ಜಿ ಹೆಂಗಸು ಮುಂದೆ ನಿಂತು ಮಾಡಿಸಿದ್ದಂತೆ. ನಮ್ಮಲ್ಲಿ ಸ್ಟೂಲು ಕೇಳಲು ನಾನೊಬ್ಬಳೇ ಹೋದರೆ ಆಗಲ್ಲ. ರೇವಕ್ಕನಿಗೂ ಮಂಡಿ ನೋವು, ಅವರು ಹೂಂ ಅಂದರೆ ಶನಿವಾರ ಇಬ್ಬರೂ ಸೇರಿ ಕೇಳುತ್ತೇವೆ.

ಪುಟ್ಟಿ ಮಲಗುವ ಮುಂಚೆ ಅವಳ ಕಾಲನ್ನೂ ಪೇಪರ್ ಮೇಲೆ ನಿಲ್ಲಿಸಿ ಗೀರು ಎಳೆದೆ. ಕಚಗುಳಿ ಅಂತ ನಗುತ್ತಿದ್ದಳು. ಅವಳ ಸ್ಕೂಲ್ ಶೂ ಕೂಡ ಗಿಡ್ಡ. ಹಾಗಾದರೆ ಎರಡು ಜೊತೆ. ಡಬ್ಬಿಯಲ್ಲಿ ಇರುವುದು 1,400. ಮೊದಲು ಅವಳದ್ದು ತಗೊಂಡು ಉಳಿದದ್ದರಲ್ಲಿ ನನ್ನದು ಅಂದುಕೊಂಡರೆ ಬೆಳಗಿನ ಆ ಮೊಳೆ ನೆನಪಾಗುತ್ತದೆ, ಇಲ್ಲ ಮೊದಲು ನನ್ನದೇ ತಗೊಂಡರೆ